ಡಿಶ್‌ವಾಷರ್‌ಗೆ ಯಾವ ಪಾತ್ರೆ ಹಾಕಬಹುದು, ಯಾವುದು ಬೇಡ?

ಹೊಸ ಡಿಶ್‌ವಾಷರ್ ಬಂದ ಮೊದಲ ವಾರದಲ್ಲೇ ಇಡ್ಲಿ ತಟ್ಟೆ ಕಪ್ಪಾಗಿದೆ, ಲೋಟಗಳ ಮೇಲೆಲ್ಲ ಬಿಳಿ ಕಲೆ, ಮನೆಗೆ ಬರುವುದು ಬೋರ್‌ವೆಲ್ ನೀರು ಎಂದು ಬರೆದಿದ್ದೀರಿ. ಇನ್ನು ಕುಕ್ಕರ್, ಮಿಕ್ಸಿ ಜಾರ್, ದೋಸೆ ಕಾವಲಿ ಹಾಕಲು ಭಯ ಎಂದೂ ಹೇಳಿದ್ದೀರಿ. ನಮ್ಮದೂ ಬೆಂಗಳೂರಿನ ಹೊರವಲಯದ ಬೋರ್‌ವೆಲ್ ನೀರಿನ ಮನೆ. ಆರು ವರ್ಷದಿಂದ ದಿನಾ ರಾತ್ರಿ ಮುಸುರೆ ಪಾತ್ರೆಗಳನ್ನು ಮೆಷಿನ್‌ಗೇ ಹಾಕುತ್ತಿದ್ದೇವೆ. ನಿಮ್ಮ ಮೆಷಿನ್ ಕೆಟ್ಟಿಲ್ಲ, ಧೈರ್ಯವಾಗಿರಿ.

ಮೊದಲು ಇಡ್ಲಿ ತಟ್ಟೆಯ ವಿಷಯ. ಅದು ಅಲ್ಯೂಮಿನಿಯಂ ತಟ್ಟೆ ಇರಬೇಕು. ಡಿಶ್‌ವಾಷರ್ ಪುಡಿ ಕೈಯಲ್ಲಿ ತೊಳೆಯುವ ಸೋಪಿನಂತಲ್ಲ, ತುಂಬಾ ಕ್ಷಾರ. ಜೊತೆಗೆ 60–70 ಡಿಗ್ರಿ ಬಿಸಿ ನೀರು. ಜಿಡ್ಡು ಬಿಡುವುದು ಇವೆರಡರಿಂದಲೇ. ಆದರೆ ಅಲ್ಯೂಮಿನಿಯಂ ಮೇಲಿರುವ ತೆಳುವಾದ ರಕ್ಷಣೆಯ ಪದರವನ್ನೂ ಅದೇ ಕ್ಷಾರ ತಿಂದುಹಾಕುತ್ತದೆ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ತಟ್ಟೆ ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು, ಹೆಬ್ಬೆರಳಿಂದ ಒರೆಸಿದರೆ ಬೆರಳಿಗೆ ಬೂದು ಬಣ್ಣ ಅಂಟಿತು. ಒಂದು ದೊಡ್ಡ ಪಾತ್ರೆಯಲ್ಲಿ ನಿಂಬೆ ಗಾತ್ರದ ಹುಣಸೆಹಣ್ಣು ಕಿವುಚಿ, ತಟ್ಟೆ ಮುಳುಗುವಷ್ಟು ನೀರು ಹಾಕಿ ಹದಿನೈದು ನಿಮಿಷ ಕುದಿಸಿ, ಆಮೇಲೆ ಉಜ್ಜಿದೆವು. ಬಹುಪಾಲು ಹೋಯಿತು. ಹಳೆಯ ಹೊಳಪು ಮಾತ್ರ ವಾಪಸ್ ಬರಲಿಲ್ಲ. ಈಗ ಸ್ಟೀಲ್ ಇಡ್ಲಿ ತಟ್ಟೆ ತಂದಿದ್ದೇವೆ, ಅದು ಆರಾಮಾಗಿ ಒಳಗೆ ಹೋಗುತ್ತದೆ.

ಅದಕ್ಕೇ ನಾನು ಹೇಳುವುದು, ಪಾತ್ರೆ ಕೈಗೆ ತಗೊಂಡ ಕೂಡಲೇ ಇದು ಯಾವುದರಿಂದ ಮಾಡಿದ್ದು ಎಂದು ನೋಡಿ. ಎಷ್ಟು ಕೊಳೆಯಾಗಿದೆ ಎನ್ನುವುದು ಆಮೇಲಿನ ಮಾತು. ಸ್ಟೀಲ್, ಗಾಜು, ಪಿಂಗಾಣಿ ಧಾರಾಳವಾಗಿ ಹಾಕಿ. ತಾಮ್ರ, ಹಿತ್ತಾಳೆ ಬೇಡ, ಬಣ್ಣ ಕೆಡುತ್ತದೆ. ಕಲಾಯಿ ಹಾಕಿಸಿದ ಪಾತ್ರೆಯಂತೂ ಬೇಡವೇ ಬೇಡ. ಮರದ ಸೌಟು, ಲಟ್ಟಣಿಗೆ ನೀರು ಕುಡಿದು ಬಿರುಕು ಬಿಡುತ್ತವೆ. ಕಲ್ಲಿನ ಪಾತ್ರೆ, ಮಣ್ಣಿನ ಮಡಕೆ ಸೋಪನ್ನು ಹೀರಿಕೊಳ್ಳುತ್ತವೆ. ನಾನ್‌ಸ್ಟಿಕ್ ತವಾ ಒಂದೆರಡು ಸಲಕ್ಕೆ ಏನೂ ಆಗುವುದಿಲ್ಲ, ಆದರೆ ಕೋಟಿಂಗ್ ಬೇಗ ಸವೆಯುತ್ತದೆ. ಪ್ಲಾಸ್ಟಿಕ್ ಡಬ್ಬಿಯ ಮೇಲೆ ಡಿಶ್‌ವಾಷರ್ ಗುರುತು ಇದ್ದರೆ ಮೆಷಿನ್‌ನ ಮೇಲಿನ ತಟ್ಟಿಯಲ್ಲಿಡಿ (ತಟ್ಟಿ ಎಂದರೆ ಪಾತ್ರೆ ಜೋಡಿಸುವ ರ‍್ಯಾಕ್).

ಕಬ್ಬಿಣದ ಕಾವಲಿಯನ್ನು ಮಾತ್ರ ಯಾರು ಹೇಳಿದರೂ ಹಾಕಬೇಡಿ. ನಮ್ಮತ್ತೆ ಇಪ್ಪತ್ತು ವರ್ಷ ದೋಸೆ ಹುಯ್ದ ಕಾವಲಿಯನ್ನು ಮನೆಗೆ ಬಂದ ನೆಂಟರೊಬ್ಬರು ಸಹಾಯ ಮಾಡಲೆಂದು ಒಳಗಿಟ್ಟಿದ್ದರು. ವರ್ಷಗಟ್ಟಲೆ ಎಣ್ಣೆ ಹಿಡಿದು ಆಗಿದ್ದ ಆ ಕಪ್ಪು ನುಣುಪು ಒಂದೇ ರಾತ್ರಿಯಲ್ಲಿ ಹೋಯಿತು, ಅಂಚಿನಲ್ಲೆಲ್ಲ ಕೆಂಪು ತುಕ್ಕು. ಅತ್ತೆ ಏನೂ ಅನ್ನಲಿಲ್ಲ. ತೆಂಗಿನ ನಾರಿನಿಂದ ತುಕ್ಕು ಉಜ್ಜಿ, ಕಾಯಿಸಿ, ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿ ಸವರಿ ಮತ್ತೆ ಪಳಗಿಸಿದರು. ದೋಸೆ ಸಲೀಸಾಗಿ ಏಳಲು ಮೂರು ವಾರ ಬೇಕಾಯಿತು. ನನಗೆ ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಕುಕ್ಕರ್ ಸ್ಟೀಲಿನದಾದರೆ ತಳದ ಪಾತ್ರೆ ಹಾಕಬಹುದು. ಮುಚ್ಚಳ, ಗ್ಯಾಸ್ಕೆಟ್, ವಿಶಲ್ ಕೈಯಲ್ಲೇ ತೊಳೆಯಿರಿ. ಒಳಗೆ ಸುತ್ತುವ ನೀರಿನಲ್ಲಿ ಅನ್ನದ ಅಗುಳು, ಬೇಳೆಯ ಸಿಪ್ಪೆ ಇರುತ್ತದೆ. ಅದು ಹಬೆ ಹೋಗುವ ಕೊಳವೆಯಲ್ಲಿ ಸಿಕ್ಕಿಕೊಂಡರೆ ಅಪಾಯ. ಪ್ರತಿ ಸಲ ಅಡುಗೆಗೆ ಮುಂಚೆ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ, ತೂತಿನಿಂದ ಬೆಳಕು ಕಾಣಬೇಕು. ಮಿಕ್ಸಿ ಜಾರಿನ ಬ್ಲೇಡಿನ ಕೆಳಗೆ ಅದು ತಿರುಗಲು ಬುಷ್ ಎಂಬ ಬಳೆಯಂಥ ಭಾಗ ಇರುತ್ತದೆ, ಅದರೊಳಗೆ ಸೋಪು ನೀರು ಇಳಿದರೆ ತುಕ್ಕು ಹಿಡಿದು ಜಾರು ಸೋರಲು ಶುರುವಾಗುತ್ತದೆ. ಜಾರಿಗೆ ಸ್ವಲ್ಪ ನೀರು, ಒಂದು ತೊಟ್ಟು ಸೋಪು ಹಾಕಿ ಎರಡು ಸುತ್ತು ತಿರುಗಿಸಿದರೆ ಸಾಕು.

ಇನ್ನು ಬಿಳಿ ಕಲೆ. ಅದು ಗಡಸು ನೀರಿನ ಸುಣ್ಣ. ಮೆಷಿನ್ ತಳದಲ್ಲಿ ಉಪ್ಪು ಹಾಕುವ ಬಾಯಿ ಇದೆ ನೋಡಿ. ಅಲ್ಲಿ ನೀರನ್ನು ಮೆದುಮಾಡುವ ಸಾಧನ ಇರುತ್ತದೆ, ಅದು ಮತ್ತೆ ಮತ್ತೆ ಚುರುಕಾಗಲು ಉಪ್ಪು ಬೇಕು. ಡಿಶ್‌ವಾಷರ್ ಸಾಲ್ಟ್ ಎಂದೇ ಸಿಗುತ್ತದೆ. ಅಡುಗೆಯ ಪುಡಿ ಉಪ್ಪು ಹಾಕಬೇಡಿ, ಅದರಲ್ಲಿ ಉಪ್ಪು ಗಟ್ಟಿಯಾಗದಂತೆ ಬೇರೆ ವಸ್ತು ಬೆರೆಸಿರುತ್ತಾರೆ. ಉಪ್ಪು ತುಂಬಿದ ಕೂಡಲೇ ಒಂದು ಸಲ ಮೆಷಿನ್ ಓಡಿಸಿ, ಚೆಲ್ಲಿದ ಉಪ್ಪು ನೀರು ಒಳಗೇ ನಿಂತರೆ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ. ನೀರು ಎಷ್ಟು ಗಡಸು ಎಂದು ಮೆಷಿನ್‌ನಲ್ಲಿ ಸೆಟ್ ಮಾಡುವುದೂ ಇದೆ. ಕಂಪನಿಯಿಂದ ಬಂದ ಸೆಟ್ಟಿಂಗ್ ಬೋರ್‌ವೆಲ್ ನೀರಿಗೆ ಸಾಕಾಗದೇ ಇರಬಹುದು. ನೀರು ಪರೀಕ್ಷಿಸುವ ಪಟ್ಟಿ ಅದ್ದಿ ನೋಡಿ, ಪುಸ್ತಕದಲ್ಲಿ ಹೇಳಿದಂತೆ ಏರಿಸಿ. ಕೊನೆಯ ಸಲ ಜಾಲಿಸುವ ನೀರಿಗೆ ಬೆರೆಯುವ ರಿನ್ಸ್ ಏಡ್ ದ್ರವ ಕೂಡ ಖಾಲಿ ಬಿಡಬೇಡಿ, ಅದಿದ್ದರೆ ನೀರು ಹನಿಯಾಗಿ ನಿಲ್ಲದೆ ಜಾರಿ ಹೋಗುತ್ತದೆ.

ಪಾತ್ರೆಯನ್ನು ನಲ್ಲಿ ಕೆಳಗೆ ತೊಳೆದು ಒಳಗಿಡುವ ಅಭ್ಯಾಸ ಬಿಡಿ, ಸುಮ್ನೆ ನೀರು ದಂಡ. ಕರಿಬೇವು, ಮೆಣಸಿನ ಚೂರು, ಅನ್ನ ಕೆರೆದು ಹಾಕಿದರೆ ಆಯಿತು. ಹಾಲು ಸೀದ ಪಾತ್ರೆ, ತಳ ಹಿಡಿದ ಪಾತ್ರೆ ಮಾತ್ರ ನೆನೆಹಾಕಿ. ಎಲ್ಲವನ್ನೂ ಬೋರಲು ಇಡಿ, ಸ್ವಲ್ಪ ವಾರೆಯಾಗಿ. ಒಂದರೊಳಗೊಂದು ಸೇರಿಸಿದರೆ ಒಳಗಿನದಕ್ಕೆ ನೀರೇ ತಾಗುವುದಿಲ್ಲ. ಬಾಗಿಲು ಮುಚ್ಚುವ ಮೊದಲು ನೀರು ಚಿಮ್ಮುವ ರೆಕ್ಕೆಯನ್ನು ಬೆರಳಿಂದ ಒಮ್ಮೆ ತಿರುಗಿಸಿ. ಸೌಟಿನ ಹಿಡಿ ಅಡ್ಡ ಬಂದು ಅದು ನಿಂತರೆ ಅರ್ಧ ಪಾತ್ರೆ ಜಿಡ್ಡಾಗೇ ಬರುತ್ತದೆ. ಚಾಕುವಿನ ಮೊನೆ ಕೆಳಗಿರಲಿ. ವಾರಕ್ಕೊಮ್ಮೆಯಾದರೂ ಕೆಳಗಿನ ಜಾಲರಿ ಬಿಚ್ಚಿ ತೊಳೆಯಿರಿ, ನಮ್ಮ ಅನ್ನ-ಸಾರಿನ ಮನೆಗಳಲ್ಲಿ ಅದು ಬೇಗ ಕಟ್ಟುತ್ತದೆ.

ಕೈಯಲ್ಲಿ ತೊಳೆಯುವ ಲಿಕ್ವಿಡ್ ಒಂದು ಚಮಚವೂ ಹಾಕಬೇಡಿ, ನೊರೆ ಉಕ್ಕಿ ನೆಲಕ್ಕೆಲ್ಲ ಬರುತ್ತದೆ. ಪ್ಲಗ್ ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟಿಗೇ ಇರಲಿ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಪುಡಿಯ ಬದಲು ಡಿಶ್‌ವಾಷರ್ ಸೋಪಿನ ಮಾತ್ರೆ ಬಳಸುವುದಾದರೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದರ ಡಬ್ಬಿ ಎತ್ತರದಲ್ಲಿಡಿ. ನೋಡಲು ಚಾಕಲೇಟಿನ ಹಾಗಿರುತ್ತದೆ, ಬಾಯಿಗೆ ಹೋದರೆ ಸುಡುತ್ತದೆ. ತೊಳೆದಾದ ಮೇಲೆ ಇಪ್ಪತ್ತು ನಿಮಿಷ ಬಿಟ್ಟು ಬಾಗಿಲು ತೆಗೆಯಿರಿ, ಕೂಡಲೇ ತೆಗೆದರೆ ಹಬೆ ಮುಖಕ್ಕೆ ಹೊಡೆಯುತ್ತದೆ. ಕೆಳಗಿನ ತಟ್ಟಿಯನ್ನು ಮೊದಲು ಖಾಲಿ ಮಾಡಿ. ಆಗ ಮೇಲಿನ ಲೋಟದ ಬುಡದಲ್ಲಿ ನಿಂತ ನೀರು ಕೆಳಗಿನ ಒಣಗಿದ ತಟ್ಟೆಗಳ ಮೇಲೆ ಚೆಲ್ಲುವುದಿಲ್ಲ.