ಗಾಳಿ ತುಂಬಿದ್ದರೂ ಲಾರಿ ನಿಲ್ಲದೇ ಇರುವುದು ಹೇಗೆ?

ಓದುಗರ ಪತ್ರ: ಲಾರಿಯ ಏರ್ ಬ್ರೇಕಿನಲ್ಲಿ ಗಾಳಿ ಸೋರಿಹೋದರೆ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಂದರೆ ಗಾಳಿ ಇದ್ದರೂ ಹಿಡಿಯುತ್ತದೆ, ಇಲ್ಲದಿದ್ದರೂ ಹಿಡಿಯುತ್ತದೆ. ಮತ್ತೆ ಬ್ರೇಕ್ ಫೇಲ್ ಆಗಿ ಲಾರಿ ಇಳಿಜಾರಿನಲ್ಲಿ ನುಗ್ಗಿತು ಅಂತಾರಲ್ಲ, ಅಲ್ಲಿ ಫೇಲ್ ಆಗುವುದಾದರೂ ಏನು?

ಸಂಪಾದಕರ ಉತ್ತರ: ಸರಿಯಾದ ಜಾಗದಲ್ಲೇ ಹಿಡಿದಿದ್ದೀರಿ. ನಮ್ಮ ಆ ಸಾಲು ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದರ್ಧ ಇಲ್ಲಿದೆ.

ಲಾರಿಯಲ್ಲಿ ಗಾಳಿ ಎರಡು ಕೆಲಸ ಮಾಡುತ್ತದೆ, ಎರಡೂ ಒಂದಕ್ಕೊಂದು ಉಲ್ಟಾ. ಓಡುವಾಗ ಕಾಲಲ್ಲಿ ಒತ್ತುವ ಬ್ರೇಕ್ ಗಾಳಿಯಿಂದಲೇ ಹಿಡಿಯುತ್ತದೆ. ನಿಲ್ಲಿಸಿದಾಗ ಹಾಕುವ ಪಾರ್ಕಿಂಗ್ ಬ್ರೇಕ್ ಗಾಳಿಯಿಂದ ಬಿಡುತ್ತದೆ, ಹಿಡಿಯುವುದು ಸ್ಪ್ರಿಂಗ್. ನಾವು ಬರೆದದ್ದು ಈ ಎರಡನೆಯದರ ಬಗ್ಗೆ ಮಾತ್ರ. ಈ ಗೊಂದಲ ಬಹುಶಃ ರೈಲಿನಿಂದ ಬಂದಿರಬೇಕು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿಗೆಂದು 1869ರಲ್ಲಿ ಪೇಟೆಂಟ್ ಪಡೆದ ಮೊದಲ ಏರ್ ಬ್ರೇಕಿನಲ್ಲಿ ಪೈಪು ಕಿತ್ತರೆ ಬ್ರೇಕೇ ಇಲ್ಲ. 1872ರಲ್ಲಿ ಅದನ್ನು ತಿರುಗಿಸಿ, ಪೈಪಿನ ಒತ್ತಡ ಇಳಿದರೆ ಬ್ರೇಕ್ ಹಿಡಿಯುವ ಹಾಗೆ ಮಾಡಿದ. ಜನ ಅದೇ ಕಥೆಯನ್ನು ಹಾಗೇ ಲಾರಿಗೂ ಹೇಳುತ್ತಾರೆ.

ಈಗ ಲಾರಿಯ ಕೆಳಗೆ ಬಗ್ಗಿ ನೋಡೋಣ. ಎಂಜಿನ್ ತಿರುಗಿಸುವ ಕಂಪ್ರೆಸರ್ ಗಾಳಿಯನ್ನು ಟ್ಯಾಂಕುಗಳಿಗೆ ತುಂಬುತ್ತದೆ. ಒತ್ತಡ ಸುಮಾರು 8 ಬಾರ್ (ಒಂದು ಬಾರ್ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಷ್ಟು ಒತ್ತಡ) ದಾಟಿದಾಗ ತುಂಬುವುದು ನಿಲ್ಲುತ್ತದೆ. ಆಗ ‘ಟುಸ್’ ಅಂತ ಒಂದು ಸದ್ದು ಬರುತ್ತದಲ್ವಾ, ಅದು ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ತನ್ನೊಳಗಿನ ನೀರನ್ನು ಉಗುಳುವ ಸದ್ದು. ಪೆಡಲ್ ಒತ್ತಿದರೆ ಟ್ಯಾಂಕಿನ ಗಾಳಿ ಪ್ರತಿ ಚಕ್ರದ ಹತ್ತಿರ ಇರುವ ಡಬ್ಬಿಗೆ ನುಗ್ಗುತ್ತದೆ. ಅದು ಬ್ರೇಕ್ ಚೇಂಬರ್. ಅದರೊಳಗೆ ಊಟದ ತಟ್ಟೆಗಿಂತ ಚಿಕ್ಕದೊಂದು ರಬ್ಬರ್ ಪರದೆ. ಸಾಮಾನ್ಯ ಅಳತೆಯದಾದರೆ ಸುಮಾರು 190 ಚದರ ಸೆಂಟಿಮೀಟರ್. ಅದರ ಮೇಲೆ 7 ಬಾರ್ ಒತ್ತಡ ಕೂತರೆ 1,300 ಕಿಲೋಗೂ ಜಾಸ್ತಿ ಭಾರ ಹೇರಿದ ಹಾಗೆ. ಡ್ರೈವರ್ ಕಾಲು ಆ ಬಲವನ್ನು ಕೊಡುವುದಿಲ್ಲ, ಸುಮ್ನೆ ಬಾಗಿಲು ತೆಗೆಯುತ್ತದೆ ಅಷ್ಟೇ.

ಪರದೆ ಒಂದು ರಾಡನ್ನು ಮುಂದಕ್ಕೆ ತಳ್ಳುತ್ತದೆ. ರಾಡು ಸ್ಲ್ಯಾಕ್ ಅಡ್ಜಸ್ಟರ್ ಅನ್ನುವ ತೋಳನ್ನು ತಿರುಗಿಸುತ್ತದೆ. ಆ ತೋಳು ತಿರುಗಿಸಿದ ಕ್ಯಾಮ್ ಎಂಬ ಉಬ್ಬು, ಉಜ್ಜಿ ಹಿಡಿಯುವ ಲೈನರ್‌ಗಳನ್ನು ಅಗಲಿಸಿ, ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ಸಾಮಾನ್ಯವಾಗಿ ಹಿಂದಿನ ಚಕ್ರಗಳ ಚೇಂಬರ್ ಬೆನ್ನಿಗೆ ಇನ್ನೊಂದು ಡಬ್ಬಿ ಅಂಟಿಕೊಂಡಿರುತ್ತದೆ. ಪಾರ್ಕಿಂಗ್ ಸ್ಪ್ರಿಂಗ್ ಇರುವುದು ಅಲ್ಲಿ. ಹತ್ತಿರ ಹತ್ತಿರ ಒಂದು ಟನ್ ಬಲವನ್ನು ಅಮುಕಿ ಮುಚ್ಚಿಟ್ಟಿರುತ್ತಾರೆ. ಗೊತ್ತಿಲ್ಲದವರು ಆ ಡಬ್ಬಿಯನ್ನು ಬಿಗಿದ ಪಟ್ಟಿ ಬಿಚ್ಚಲು ಹೋದರೆ ಪ್ರಾಣಕ್ಕೇ ಬರುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಆ ಸ್ಪ್ರಿಂಗ್ ತಳ್ಳುವುದೂ ಅದೇ ರಾಡನ್ನು. ಒತ್ತುವುದೂ ಅದೇ ಲೈನರನ್ನು, ಅದೇ ಡ್ರಮ್ಮಿಗೆ. ತಳ್ಳುವವರು ಇಬ್ಬರು, ಹಿಡಿಯುವ ಕೈ ಒಂದೇ. ಆ ಕೈ ಸೋತರೆ ಗಾಳಿ ಇದ್ದೂ ಉಪಯೋಗವಿಲ್ಲ, ಸ್ಪ್ರಿಂಗ್ ಇದ್ದೂ ಉಪಯೋಗವಿಲ್ಲ.

ಅದು ಸೋಲುವುದು ಮುಖ್ಯವಾಗಿ ಬಿಸಿಯಿಂದ. ಬ್ರೇಕ್ ಮಾಡುವ ಕೆಲಸ ಓಟವನ್ನು ಬಿಸಿಯಾಗಿ ಬದಲಾಯಿಸುವುದು. ಭಾರ ಹೇರಿದ ಲಾರಿ ಉದ್ದನೆಯ ಇಳಿಜಾರನ್ನು ಬರೀ ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಬಿಸಿಗೆ ಹೋಗಲು ಜಾಗ ಸಾಲದು. ಮೊದಲು ಲೈನರಿನ ಹಿಡಿತ ಕಡಿಮೆಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಇನ್ನೊಂದು ಕಡೆ ಡ್ರಮ್ ಕಾದು ಹಿಗ್ಗುತ್ತದೆ. ಹಿಗ್ಗುವುದು ಹೊರಗಡೆಗೆ, ಅಂದರೆ ಲೈನರಿನಿಂದ ದೂರ. ಅದನ್ನು ಮುಟ್ಟಲು ರಾಡು ಇನ್ನಷ್ಟು ಮುಂದೆ ಹೋಗಬೇಕು. ಆದರೆ ನಾವು ಹೇಳಿದ ಅಳತೆಯ ಚೇಂಬರಿನಲ್ಲಿ ರಾಡು ಹೋಗಲು ಇರುವ ಜಾಗ ಸುಮಾರು 6 ಸೆಂಟಿಮೀಟರ್. ಲೈನರ್ ಸವೆದು ಅಡ್ಜಸ್ಟ್‌ಮೆಂಟ್ ಮೊದಲೇ ಸಡಿಲವಾಗಿದ್ದರೆ ಅದರಲ್ಲಿ ಹೆಚ್ಚಿನ ಪಾಲು ತಣ್ಣಗಿರುವಾಗಲೇ ಖರ್ಚಾಗಿರುತ್ತದೆ. ಬಿಸಿಯಾದ ಮೇಲೆ ರಾಡು ತುದಿ ತಲುಪಿ ಅಲ್ಲೇ ನಿಂತುಬಿಡುತ್ತದೆ. ಮೀಟರಿನಲ್ಲಿ ಮುಳ್ಳು ಮಾತ್ರ 7 ಬಾರ್ ತೋರಿಸುತ್ತಲೇ ಇರುತ್ತದೆ!

ಗಾಬರಿಯಲ್ಲಿ ಪೆಡಲನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡುವವರಿದ್ದಾರೆ. ಎಣ್ಣೆಯ ಬ್ರೇಕಿನ ಅಭ್ಯಾಸ ಅದು. ಇಲ್ಲಿ ಪ್ರತಿ ಸಲ ಬಿಟ್ಟಾಗಲೂ ಚೇಂಬರಿನ ಗಾಳಿ ಹೊರಗೆ ಹೋಗುತ್ತದೆ, ಟ್ಯಾಂಕ್ ಬರಿದಾಗುತ್ತಾ ಬರುತ್ತದೆ. 4–5 ಬಾರ್‌ಗೆ ಇಳಿದಾಗ ಬಜರ್ ಕೂಗುತ್ತದೆ. ಅದಕ್ಕೂ ಕೆಳಗೆ ಹೋದರೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಕಚ್ಚಲು ಶುರುಮಾಡುತ್ತದೆ. ನಾವು ಬರೆದಿದ್ದ ‘ತಾನಾಗಿ ಹಿಡಿಯುವುದು’ ಇದೇ. ಆದರೆ ಕಚ್ಚುವುದು ಆ ಕಾದ ಡ್ರಮ್ಮನ್ನೇ ಅಲ್ವಾ?

ಅದಕ್ಕೇ ತಿಳಿದ ಡ್ರೈವರ್ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬರುತ್ತಾನೆ, ಎಂಜಿನ್ನಿನ ಹೊಗೆಯ ದಾರಿ ತಡೆದು ಓಟ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇದ್ದರೆ ಹಾಕುತ್ತಾನೆ. ಲಾರಿಯನ್ನು ಹಿಡಿದಿಡುವ ಕೆಲಸ ಎಂಜಿನ್ನಿಗೆ, ಪೆಡಲ್ ಆಗಾಗ ಮಾತ್ರ. ನ್ಯೂಟ್ರಲ್‌ನಲ್ಲಿ ಬಿಟ್ಟು ಡೀಸೆಲ್ ಉಳಿಸುತ್ತೇನೆ ಅನ್ನುವವನು ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತಾನೆ.

ಇನ್ನೊಂದು ವಿಚಿತ್ರ. ಹೇಗೋ ನಿಂತ ಲಾರಿಯನ್ನು ಕೆಲವು ಗಂಟೆ ಬಿಟ್ಟು ಮೆಕ್ಯಾನಿಕ್ ನೋಡಿದರೆ ಬ್ರೇಕ್ ಹಿಡಿಯುತ್ತಲೇ ಇರಬಹುದು. ಡ್ರಮ್ ತಣ್ಣಗಾಗಿ ಕುಗ್ಗಿರುತ್ತದಲ್ಲ. ಡ್ರೈವರ್ ಸುಳ್ಳು ಹೇಳುತ್ತಿದ್ದಾನೆ ಅನ್ನುವ ಮೊದಲು ರಾಡು ಎಷ್ಟು ದೂರ ಓಡುತ್ತಿದೆ ಅಂತ ಟೇಪು ಹಿಡಿದು ಅಳೆಯಬೇಕು.