ಪರ್ಮ್ಯಾಂಗನೇಟ್ ಟೈಟ್ರೇಶನ್: ಮೂರು ರೀಡಿಂಗ್ ಮೂರು ತರ ಬರುವುದು ಏಕೆ?

ಧಾರವಾಡದಲ್ಲಿ ಬಿ.ಎಸ್ಸಿ. ಮೊದಲ ವರ್ಷ, ಟೈಟ್ರೇಶನ್‌ನಲ್ಲಿ (ಸಾಂದ್ರತೆ ಗೊತ್ತಿರುವ ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅದರ ಸಾಂದ್ರತೆ ಕಂಡುಹಿಡಿಯುವುದು) 25 ಮಿ.ಲೀ. ಆಕ್ಸಾಲಿಕ್ ಆಮ್ಲಕ್ಕೆ ಹಿಡಿದ ಪರ್ಮ್ಯಾಂಗನೇಟಿನ ರೀಡಿಂಗ್ 24.1, 24.9, 23.6 ಮಿ.ಲೀ., ಎರಡನೆಯದರಲ್ಲಿ ಫ್ಲಾಸ್ಕ್ ಕಂದಾಯಿತು, ಮೂರನೆಯದನ್ನು ಚೆನ್ನಾಗಿ ಕಾಯಿಸಿದ್ದೆ ಎಂದು ಬರೆದಿದ್ದೀರಿ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಐತಿ ನೋಡ್ರಿ.

ಕಂದು ಬಣ್ಣ ಮ್ಯಾಂಗನೀಸ್ ಡೈಆಕ್ಸೈಡಿನದು. ಸಲ್ಫ್ಯೂರಿಕ್ ಆಮ್ಲ ಕಡಿಮೆಯಾದರೆ, ಇಲ್ಲವೇ ತಣ್ಣಗಿರುವಾಗಲೇ ಪರ್ಮ್ಯಾಂಗನೇಟ್ ಬಡಬಡ ಸುರಿದರೆ ಅದು ಹುಟ್ಟುತ್ತದೆ. ಆಗ ಪರ್ಮ್ಯಾಂಗನೇಟ್ 5ರ ಬದಲು 3 ಎಲೆಕ್ಟ್ರಾನ್ ಮಾತ್ರ ತೆಗೆದುಕೊಳ್ಳುವುದರಿಂದ ಹೆಚ್ಚು ಖರ್ಚಾಗುತ್ತದೆ, ರೀಡಿಂಗ್ ಏರುತ್ತದೆ. 1 ಮೋಲಾರ್ (ಲೀಟರಿಗೆ 1 ಮೋಲ್) ಸಲ್ಫ್ಯೂರಿಕ್ 20 ಮಿ.ಲೀ. ಹಾಕಿ, ಪ್ರತಿ ಸಲವೂ ಅಷ್ಟೇ. ಹೈಡ್ರೋಕ್ಲೋರಿಕ್ ಬೇಡವೇ ಬೇಡ. ಅದರ ಕ್ಲೋರೈಡನ್ನೂ ಪರ್ಮ್ಯಾಂಗನೇಟ್ ಉತ್ಕರ್ಷಿಸುತ್ತದೆ.

ಮೂರನೆಯದು ಇಳಿದದ್ದು ಕುದಿಸಿದ್ದಕ್ಕೇ ಇರಬೇಕು. ಕುದಿ ಹತ್ತಿದರೆ ಆಕ್ಸಾಲಿಕ್ ಆಮ್ಲ ತಾನೇ ಒಡೆಯತೊಡಗುತ್ತದೆ. ಬೇಕಾದದ್ದು 60–70 ಡಿಗ್ರಿ ಸೆಲ್ಸಿಯಸ್: ಹಬೆ ಏಳಬೇಕು, ಗುಳ್ಳೆ ಏಳಬಾರದು. ಥರ್ಮಾಮೀಟರ್ ಇಟ್ಟೇ ನೋಡಿ, ಅಂದಾಜು ಬೇಡ. ಮೊದಲ ಒಂದೆರಡು ಹನಿಯ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ; ಅದು ಹೋಗುವವರೆಗೆ ಮುಂದಿನದು ಬಿಡಬೇಡಿ. ಹುಟ್ಟಿದ ಮ್ಯಾಂಗನೀಸ್ ಅಯಾನೇ ಆಮೇಲೆ ಕ್ರಿಯೆಯನ್ನು ಓಡಿಸುತ್ತದೆ. ಕೊನೆಗೆ ಉಳ್ಳಾಗಡ್ಡಿ ಸಿಪ್ಪೆಯಷ್ಟು ತಿಳಿ ಗುಲಾಬಿ 30 ಸೆಕೆಂಡ್ ನಿಂತರೆ ಸಾಕು. ಕಡುಗುಲಾಬಿ ಆದರೆ ದಾಟಿಹೋಗಿದೆ ಎಂದೇ ಅರ್ಥ.

ಬಣ್ಣ ದಟ್ಟವಾಗಿರುವುದರಿಂದ ಬ್ಯೂರೆಟ್ಟಿನಲ್ಲಿ (ಪರ್ಮ್ಯಾಂಗನೇಟ್ ಹನಿಸುವ ಅಳತೆ ಕೊಳವೆ) ದ್ರವದ ಮೇಲಂಚನ್ನು ಓದಿ, ಮೊದಲೂ ಕೊನೆಗೂ. ಬ್ಯೂರೆಟ್ಟನ್ನೂ ಪಿಪೆಟ್ಟನ್ನೂ (ಆಕ್ಸಾಲಿಕ್ ಅಳೆದು ಹಾಕುವ ಕೊಳವೆ) ಆಯಾ ದ್ರಾವಣದಿಂದಲೇ ತೊಳೆಯಬೇಕು. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ಡಿಸ್ಟಿಲ್ಡ್ ವಾಟರಿನಿಂದ. ಫ್ಲಾಸ್ಕಿಗೂ ಆಕ್ಸಾಲಿಕ್ ಬಳಸಿದರೆ ಒಳಗೆ ಅಂಟಿದ ಹನಿಗಳೂ ಲೆಕ್ಕಕ್ಕೆ ಸೇರುತ್ತವೆ. ಪಿಪೆಟ್ ತುದಿಯ ಕೊನೆಯ ಹನಿಯನ್ನು ಊದಬೇಡಿ.

0.05 ಮೋಲಾರ್ ಆಕ್ಸಾಲಿಕ್‌ಗೆ, 250 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕಿನಲ್ಲಿ 1.576 ಗ್ರಾಂ ಹರಳು. ರಜೆಯಲ್ಲಿ ಗದಗದ ಕಡೆ ಎಲ್ಲಾದರೂ ಅಭ್ಯಾಸ ಮಾಡುವುದಾದರೆ ಬೋರ್ ನೀರಿನಲ್ಲಿ ಕರಗಿಸಬೇಡಿ: ಗಡಸು ನೀರಿನ ಕ್ಯಾಲ್ಸಿಯಂ ಆಕ್ಸಲೇಟ್ ಆಗಿ ಬೆಳ್ಳಗೆ ಕೂಡುತ್ತದೆ, ಪಿಪೆಟ್ಟಿಗೆ ಬರುವುದು ಮೇಲಿನ ತೆಳು ದ್ರಾವಣ.

ಸರಾಸರಿ ತೆಗೆಯುವ ಆಸೆ ಬಿಡಿ. 24.1, 24.9, 23.6ರ ಸರಾಸರಿ 24.2 ಕಾಗದದ ಮೇಲೆ ಚಂದ ಕಂಡರೂ ಅದಕ್ಕೆ ಅರ್ಥವಿಲ್ಲ. 0.1 ಮಿ.ಲೀ. ಒಳಗೆ ಕೂಡುವ ಎರಡು ಬರುವವರೆಗೆ ಮಾಡಿ. 2 ಮೋಲ್ ಪರ್ಮ್ಯಾಂಗನೇಟಿಗೆ 5 ಮೋಲ್ ಆಕ್ಸಾಲಿಕ್; 0.05 ಮೋಲಾರಿನ 25 ಮಿ.ಲೀ.ನಲ್ಲಿ ಆಕ್ಸಾಲಿಕ್ 1.25 ಮಿಲಿಮೋಲ್, ಅದಕ್ಕೆ ಪರ್ಮ್ಯಾಂಗನೇಟ್ 0.5 ಮಿಲಿಮೋಲ್. ಹಾಗಾಗಿ ರೀಡಿಂಗ್ ಉದಾಹರಣೆಗೆ 24.6 ಬಂದರೆ 0.5 ಮಿಲಿಮೋಲನ್ನು 24.6ರಿಂದ ಭಾಗಿಸಿ, ಪರ್ಮ್ಯಾಂಗನೇಟ್ 0.0203 ಮೋಲಾರ್.

ಮುಗಿದ ಮೇಲೆ ಬ್ಯೂರೆಟ್ಟಿನಲ್ಲಿ ಕಂದು ಕಲೆ ಉಳಿದರೆ, ಮಿಕ್ಕ ಆಕ್ಸಾಲಿಕ್‌ಗೆ ಒಂದಿಷ್ಟು ಸಲ್ಫ್ಯೂರಿಕ್ ಬೆರೆಸಿ ತುಂಬಿಡಿ, ಹೋಗುತ್ತದೆ.