ದತ್ತು ತಂದ ಅಕ್ಕ-ತಮ್ಮ: ಅಕ್ಕ ತನ್ನ ತಮ್ಮನನ್ನು ನನ್ನ ಕೈಗೆ ಕೊಡುತ್ತಿಲ್ಲ. ಆ ಹೊರೆಯಿಂದ ಅವಳನ್ನು ಬಿಡಿಸುವುದು ಹೇಗೆ?

ಬಿಡಿಸಬೇಡಿ.

ಆರು ವರ್ಷದ ಹುಡುಗಿ ತಮ್ಮನಿಗೆ ಉಣಿಸುತ್ತಾಳೆ, ತೊಳೆಸುತ್ತಾಳೆ, ನೀವು ಎತ್ತಿಕೊಳ್ಳಲು ಹೋದರೆ ಅಡ್ಡ ಬರುತ್ತಾಳೆ ಅಂತ ಬರೆದಿದ್ದೀರಿ. ಬೇರೆ ಕೋಣೆಯಲ್ಲಿ ಮಲಗಿಸಲೇ, ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಲೇ, ತಾನಾಗಿ ಸರಿಹೋಗುವ ತನಕ ಸುಮ್ಮನಿರಲೇ ಅಂತ ಕೇಳಿದ್ದೀರಿ. ಮೂರರಲ್ಲಿ ಯಾವುದನ್ನು ಆರಿಸಿದರೂ ತಮ್ಮ ಅವಳಿಗೆ ಹೊರೆ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ನಾನೂ ಹಾಗೇ ಮಾಡಿದ್ದೆ.

ನಮ್ಮದು ಹಾಸನ. 2020ರ ಜನವರಿಯಲ್ಲಿ ಇಬ್ಬರನ್ನೂ ಮನೆಗೆ ಕರೆತಂದೆವು. ದೊಡ್ಡವಳಿಗೆ ಏಳು, ಚಿಕ್ಕವನಿಗೆ ಮೂರು. ಉತ್ತರ ಕರ್ನಾಟಕದ ಒಂದು ದತ್ತು ಕೇಂದ್ರದಲ್ಲಿದ್ದರು. ಊರು ಹೇಳುವುದಿಲ್ಲ. ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಅಂತ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ದೊಡ್ಡವಳು ಈಗ ನನ್ನ ಫೋನ್ ತೆಗೆದು ನೋಡುವ ವಯಸ್ಸಿನವಳು. ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದ ಜಾಲತಾಣದಲ್ಲಿ ನಾವು ಮೊದಲು ಕೇಳಿದ್ದು ಎರಡು ವರ್ಷದೊಳಗಿನ ಒಂದು ಮಗುವನ್ನು. ಸರದಿ ಕರಗಲೇ ಇಲ್ಲ. ಆಮೇಲೆ ವಯಸ್ಸು ಏರಿಸಿ, ಒಡಹುಟ್ಟಿದವರಾದರೂ ಆದೀತು ಅಂತ ಬದಲಾಯಿಸಿದೆವು. ಮಕ್ಕಳ ಫೋಟೊ, ಆರೋಗ್ಯದ ವರದಿ ಬಂದ ಮೇಲೆ ಒಪ್ಪಿಗೆ ಒತ್ತಲು 48 ಗಂಟೆ. ನಿಮಗೆ ಗೊತ್ತೇ ಇದೆ. ಆ ಫೋಟೊದಲ್ಲಿ ನಾನು ನೋಡಿದ್ದು ಚಿಕ್ಕವನನ್ನು. ಕೆನ್ನೆ, ಕಣ್ಣು, ಅಂಗಿಯ ಗುಂಡಿ ತಪ್ಪಿ ಹಾಕಿದ್ದು ಎಲ್ಲ ಇಂದಿಗೂ ಹೇಳಬಲ್ಲೆ. ಪಕ್ಕದಲ್ಲಿ ನಿಂತವಳು ಯಾವ ಬಣ್ಣದ ಬಟ್ಟೆ ಹಾಕಿದ್ದಳು ಅಂತ ಕೇಳಿದರೆ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ದಿನಗಳ ಗಲಾಟೆ ನಿಮ್ಮ ಮನೆಯಲ್ಲೂ ಇದ್ದೀತು. ತಲೆ ತುಂಬ ಹೇನು, ಬೆರಳ ಸಂದಿಯಲ್ಲಿ ಕಜ್ಜಿ, ಜಂತುಹುಳದ ಮಾತ್ರೆ. ದೀಪ ಆರಿಸಿದರೆ ಇಬ್ಬರೂ ಎದ್ದು ಕೂರುತ್ತಿದ್ದರು, ಸಾಲು ಹಾಸಿಗೆಯಲ್ಲಿ ಹತ್ತಾರು ಮಕ್ಕಳ ಜೊತೆ ಮಲಗಿ ರೂಢಿಯಾದವರಿಗೆ ನಿಶ್ಶಬ್ದವೇ ಹೆದರಿಕೆ. ಕೇಂದ್ರದಲ್ಲಿ ನೋಡಿಕೊಳ್ಳುವವರೆಲ್ಲ ಹೆಂಗಸರು. ಹಾಗಾಗಿ ನನ್ನ ಗಂಡ ಕೆಮ್ಮಿದರೂ ಚಿಕ್ಕವನು ಅಕ್ಕನ ಹಿಂದೆ ಅಡಗುತ್ತಿದ್ದ. ನಮ್ಮ ಮುದ್ದೆ ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರಿಗೆ ಬೇಕಾಗಿದ್ದು ಜೋಳದ ರೊಟ್ಟಿ. ನನಗೆ ತಟ್ಟಲು ಬರದು, ಹಾಸನದಲ್ಲಿ ಹುಡುಕಿ ಕಡಕ್ ರೊಟ್ಟಿ ಕಟ್ಟು ತಂದಿಟ್ಟೆ. ಅರ್ಧ ಹೊಟ್ಟೆಗೆ, ಅರ್ಧ ದೊಡ್ಡವಳ ದಿಂಬಿನ ಕೆಳಗೆ. ಮಾಮೂಲಿ ಊಟ ಬಚ್ಚಿಟ್ಟರೆ ಹಳಸಿ ವಾಸನೆಗಾದರೂ ಗೊತ್ತಾಗುತ್ತದೆ, ಕಡಕ್ ರೊಟ್ಟಿ ತಿಂಗಳಾದರೂ ಕೆಡದು! ಇರುವೆ ಸಾಲು ಹಿಡಿದು ಹೋದಾಗಲೇ ನಮಗೆ ಗೊತ್ತಾಗಿದ್ದು.

ಇದೆಲ್ಲ ಹೇಗೋ ನಿಭಾಯಿಸಿದೆವು. ಎಡವಿದ್ದು ನೀವು ಈಗ ನಿಂತಿರುವ ಜಾಗದಲ್ಲೇ.

ದೊಡ್ಡವಳು ತಮ್ಮನನ್ನು ಬಿಡುತ್ತಿರಲಿಲ್ಲ. ನಾನು ಅನ್ನ ಕಲಸಿದರೆ ತಟ್ಟೆ ಎಳೆದುಕೊಂಡು, "ಅಂವ ಬಿಸಿ ತಿನ್ನಂಗಿಲ್ರಿ, ಆರಿಸಿ ಕೊಡ್ಬೇಕ್ರಿ" ಅನ್ನುವಳು. ರಾತ್ರಿ ಎಬ್ಬಿಸಿ ಉಚ್ಚೆ ಹೊಯ್ಯಿಸಿ ತರುವಳು. ಮಲಗುವಾಗ ಅವನ ಮಣಿಕಟ್ಟು ಹಿಡಿದೇ ಮಲಗುವಳು. ನೋಡಿ ನನಗೆ ಕರುಳು ಹಿಂಡುತ್ತಿತ್ತು. ಪಾಪ, ಏಳು ವರ್ಷದ ಕೂಸು, ಆಡಬೇಕಾದ ವಯಸ್ಸು. ಅಂತರ್ಜಾಲದಲ್ಲಿ ಹುಡುಕಿ ಹುಡುಕಿ ಓದಿದೆ. ಇಂಥ ಮಕ್ಕಳಿಗೆ ಬಾಲ್ಯ ಮರಳಿ ಕೊಡಬೇಕು ಅಂತ ಎಲ್ಲೋ ಸಿಕ್ಕಿತು, ಹಿಡಿದುಕೊಂಡೆ. ಒಂದು ಭಾನುವಾರ ಅಡುಗೆ ಆಟದ ಸೆಟ್ಟು, ಬಣ್ಣದ ಪೆನ್ಸಿಲ್, ಗೊಂಬೆ ಎಲ್ಲ ತಂದು ಅವಳ ಮುಂದೆ ಸುರಿದು, "ನೀನೂ ಚಿಕ್ಕವಳು ಕಣೇ, ಇನ್ನು ಆಡ್ಕೊಂಡಿರು. ಅವನನ್ನ ನಾನ್ ನೋಡ್ಕೋತೀನಿ" ಅಂದೆ. ಅವತ್ತು ರಾತ್ರಿಯಿಂದ ಚಿಕ್ಕವನು ನಮ್ಮ ಕೋಣೆಗೆ ಬಂದ. ಅವಳಿಗೆ ಅತ್ತೆಯ ಕೋಣೆಯಲ್ಲಿ ಹೊಸ ಮಂಚ, ಗುಲಾಬಿ ಬಣ್ಣದ ಹೊದಿಕೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಲೆಕ್ಕ ಸರಿಹೋಗದು. ನನಗೆ ಚಿಕ್ಕವನ ಮೇಲೆ ಪ್ರೀತಿ ಬಂದಿತ್ತು, ದೊಡ್ಡವಳ ಮೇಲೆ ಬಂದಿರಲಿಲ್ಲ. ಅವಳ ಮೇಲೆ ಕರುಣೆ ಇತ್ತು, ಅಷ್ಟೆ. ಅವಳಿಗೆ ಬಾಲ್ಯ ಕೊಡುತ್ತೇನೆ ಅಂತ ಬಾಯಲ್ಲಿ ಹೇಳಿದ್ದು. ಒಳಗೆ ನನಗೆ ಬೇಕಾಗಿದ್ದು ಮಡಿಲಲ್ಲಿ ಮಲಗುವ ಮಗು, ಮಧ್ಯೆ ಅವಳು ನಿಂತಿದ್ದಳು. ಆ ಭಾನುವಾರ ಇದು ನನಗೇ ಗೊತ್ತಿರಲಿಲ್ಲ.

ಮತ್ತೆ ನೋಡಿ, ಎಲ್ಲ ಎಷ್ಟು ಚೆನ್ನಾಗಿ ನಡೆಯಿತು ಅಂತೀರಿ! ಚಿಕ್ಕವನು ವಾರ ಕಳೆಯುವುದರೊಳಗೆ ನನ್ನ ತೋಳಿಗೆ ಒಗ್ಗಿದ. ದೊಡ್ಡವಳು ಒಂದು ಮಾತು ಎದುರಾಡಲಿಲ್ಲ. ಹೇಳಿದ ಹೊತ್ತಿಗೆ ಏಳುವುದು, ತಟ್ಟೆ ತೊಳೆದಿಡುವುದು, ಮಾತಿಗೊಂದು "ಹೂಂ ರೀ". ಬಂದ ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ನಾನೂ ಹೊಂದಿಕೊಂಡಳು ಅಂತ ನಂಬಿದೆ. ಗೊಂಬೆಯನ್ನು ಡಬ್ಬಿಯಿಂದ ಹೊರಗೇ ತೆಗೆದಿರಲಿಲ್ಲ ಅನ್ನುವುದು ನನ್ನ ಗಮನಕ್ಕೆ ಬರಲಿಲ್ಲ. ತಮ್ಮನ ತೊಡೆಯ ಒಳಭಾಗದಲ್ಲಿ ಚಿವುಟಿದ ಗುರುತು ಕಂಡಾಗಲೂ ಮಕ್ಕಳಾಟ ಅಂದುಕೊಂಡೆ. ಹಗಲಿಡೀ ನಾನು ಮನೆಯಲ್ಲಿರುತ್ತಿರಲಿಲ್ಲ ಅನ್ನುವುದೂ ಇದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ಪ್ರಕಾರ ಆಗ ದತ್ತು ತಾಯಿಗೆ 12 ವಾರ ಹೆರಿಗೆ ರಜೆ ಇತ್ತು, ಆದರೆ ಮಗು ಮೂರು ತಿಂಗಳೊಳಗಿನದ್ದಾಗಿರಬೇಕಿತ್ತು. ಏಳು ಮತ್ತು ಮೂರು ವರ್ಷದವರನ್ನು ತಂದವಳಿಗೆ ನಾನು ಪಾಠ ಮಾಡುತ್ತಿದ್ದ ಕಾಲೇಜು ಗಳಿಕೆ ರಜೆಯಲ್ಲೇ ಮುಗಿಸಿಕೊಳ್ಳಿ ಅಂದಿತು.

ಮಾರ್ಚ್ ಮೊದಲಲ್ಲಿ ಒಗೆಯಲು ಬಟ್ಟೆ ಹುಡುಕುವಾಗ ಅವಳ ಮಂಚದ ಕೆಳಗೆ ಶಾಲೆಯ ಬ್ಯಾಗು ಸಿಕ್ಕಿತು. ಒಳಗೆ ಎರಡು ಫ್ರಾಕು, ಟವೆಲ್ಲು, ಪೇಪರಿನಲ್ಲಿ ಸುತ್ತಿದ ಕಡಕ್ ರೊಟ್ಟಿ. ಎಲ್ಲ ಅವಳವೇ. ತಮ್ಮನದು ಒಂದು ಚಡ್ಡಿಯೂ ಇರಲಿಲ್ಲ.

ಕೇಳಿದೆ. ಅಳಲಿಲ್ಲ. "ನನ್ನ ಯಾವಾಗ ಕಳಸ್ತೀರಿ?" ಅಂದಳು. ಯಾಕೆ ಕಳಿಸೋಣ ಅಂದರೆ, "ಅಂವ ಈಗ ನಿಮ್ಮ ಕೂಡ ಮಕ್ಕೋತಾನಲ್ರಿ. ನನಗೇನ್ ಕೆಲ್ಸ ಐತ್ರಿ ಇಲ್ಲೆ?"

ಆ ಹುಡುಗಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದೊಂದು ಅರ್ಥವಾದರೆ ನನ್ನ ಉತ್ತರದ ಉಳಿದ ಭಾಗ ಓದದಿದ್ದರೂ ನಡೆಯುತ್ತದೆ. ಕೇಂದ್ರಕ್ಕೆ ಬರುವ ದಂಪತಿಗಳಿಗೆ ಬೇಕಾಗಿರುವುದು ಚಿಕ್ಕ ಮಕ್ಕಳು ಅಂತ ಅಲ್ಲಿನ ಪ್ರತಿ ದೊಡ್ಡ ಮಗುವಿಗೂ ಗೊತ್ತು. ತೊಟ್ಟಿಲ ಮಕ್ಕಳು ಹೋಗುತ್ತಲೇ ಇರುತ್ತವೆ, ಏಳೆಂಟು ವರ್ಷದವರು ಬಾಗಿಲಲ್ಲಿ ನಿಂತು ಕೈ ಬೀಸುತ್ತಾರೆ. ತನಗೆ ಮನೆ ಸಿಕ್ಕಿದ್ದು ತಮ್ಮನ ದೆಸೆಯಿಂದ ಅಂತ ಅವಳು ತಿಳಿದಿದ್ದಳು. ಸುಳ್ಳೇನಲ್ಲ, ಫೋಟೊದ ವಿಷಯ ಹೇಳಿದೆನಲ್ಲ. ಅವನನ್ನು ನೋಡಿಕೊಳ್ಳಲು ತಾನು ಬೇಕು, ಅದಕ್ಕೇ ಇಟ್ಟುಕೊಂಡಿದ್ದಾರೆ ಅನ್ನುವುದು ಅವಳ ಅಂದಾಜು. ಆ ಕೆಲಸ ನಾನು ಕಿತ್ತುಕೊಂಡೆ. ಅವನು ನನಗೆ ಒಗ್ಗಿದ. ಮೇಲೆ ಬೇರೆ ಕೋಣೆಗೆ ಹಾಕಿದೆ. ಅದರ ಜೊತೆಗೆ ನಾವು ಗಂಡ ಹೆಂಡತಿ ಫೋನಿನಲ್ಲಿ ವಕೀಲರ ಹತ್ತಿರ "ಆದೇಶ ಇನ್ನೂ ಬಂದಿಲ್ಲ, ಬಂದಿಲ್ಲ" ಅಂತ ಅವಳ ಎದುರೇ ಮಾತಾಡುತ್ತಿದ್ದೆವು. ಆಗ ದತ್ತು ಆದೇಶ ಕೋರ್ಟಿನಿಂದ ಬರಬೇಕಿತ್ತು, 2022ರ ಸೆಪ್ಟೆಂಬರಿನಿಂದ ಈಚೆಗೆ ಜಿಲ್ಲಾಧಿಕಾರಿಗಳು ಕೊಡುತ್ತಾರೆ. ಆದೇಶವಾಗುವ ತನಕ ಮಕ್ಕಳು ಕಾಗದದ ಮೇಲೆ ದತ್ತು-ಪೂರ್ವ ಪೋಷಣೆಯಲ್ಲಿ ಇರುತ್ತಾರೆ, ನಮಗೆ ಅದೊಂದು ವಿಧಿ. ಅವಳಿಗೆ ಹಾಗಲ್ಲ. ಅವರ ಕೇಂದ್ರಕ್ಕೇ ಒಬ್ಬ ಹುಡುಗಿ ಹೋದ ಮನೆಯಿಂದ ವಾಪಸು ಬಂದಿದ್ದಳಂತೆ. ಇದನ್ನು ಅವಳು ನನಗೆ ಹೇಳಿದ್ದು ಎಷ್ಟೋ ಕಾಲದ ಮೇಲೆ. ಈಗ ಕೂಡಿಸಿ ನೋಡಿ. ನಾನು ಗೊಂಬೆ ಕೊಟ್ಟು "ಆಡ್ಕೊಂಡಿರು" ಅಂದಿದ್ದು ಅವಳ ಕಿವಿಗೆ ಕೆಲಸದಿಂದ ತೆಗೆದ ನೋಟಿಸಿನ ಹಾಗೆ ಬಿದ್ದಿತ್ತು.

ಆ ನಂಬಿಕೆ ಮರಳಿ ಕಟ್ಟಲು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಅರ್ಧ ದುಡಿಮೆ ನಂದು, ಅರ್ಧ ಲಾಕ್‌ಡೌನಿನದು ಅಂತ ಒಪ್ಪಿಕೊಳ್ಳಬೇಕು. ಮಾರ್ಚ್ 25ರಿಂದ ಕಾಲೇಜು ಇಲ್ಲ, ನೆಂಟರಿಲ್ಲ, "ಯಾವ ಜನದ ಮಕ್ಕಳು?" ಅಂತ ಮೆಲ್ಲಗೆ ಕೇಳುವ ಪಕ್ಕದ ಬೀದಿಯವರೂ ಇಲ್ಲ. ಕೋರ್ಟೂ ಮುಚ್ಚಿ ಆದೇಶ ಇನ್ನಷ್ಟು ತಡವಾಯಿತು. ಆದರೆ ಈ ಸಲ ಅವಳನ್ನು ಕೂರಿಸಿಕೊಂಡು, ಕಾಗದ ಎಲ್ಲಿದೆ, ಯಾಕೆ ತಡ, ಅದರಲ್ಲಿ ಇಬ್ಬರ ಹೆಸರೂ ಒಟ್ಟಿಗೇ ಇದೆ ಅಂತ ಅರ್ಜಿಯ ಪ್ರತಿ ತೋರಿಸಿದೆ. ತನ್ನ ಹೆಸರಿನ ಮೇಲೆ ಬೆರಳಿಟ್ಟು ಓದಿದಳು.

ಮಂಚ ವಾಪಸು ತಂದೆವು. ಒಂದೇ ಕೋಣೆಯಲ್ಲಿ ನಾಲ್ವರೂ, ಅಕ್ಕ-ತಮ್ಮ ಅಕ್ಕಪಕ್ಕ. ಆಮೇಲೆ ನಾನು ಅವಳ ಕೈಕೆಳಗಿನ ಕೆಲಸದವಳಾದೆ. ನಿಜವಾಗಿ. ಇವನಿಗೆ ಹೇಗೆ ಉಣಿಸಲಿ, ಮೊಸರು ಮೊದಲೋ ಕೊನೆಯೋ, ಜ್ವರ ಬಂದರೆ ಅಲ್ಲಿ ಏನು ಮಾಡುತ್ತಿದ್ದರು ಅಂತ ಕೇಳಿ ಕೇಳಿ ಮಾಡಿದೆ. ನನಗಿಂತ ನಾಲ್ಕು ಪಾಲು ಗೊತ್ತಿತ್ತು ಅವಳಿಗೆ, ಹುಟ್ಟಿದಾಗಿನಿಂದ ಅವನನ್ನು ಬಲ್ಲ ಒಬ್ಬಳೇ ಒಬ್ಬಳು ಅವಳು. ರೊಟ್ಟಿ ತಟ್ಟಲು ಯೂಟ್ಯೂಬ್ ನೋಡಿ ಕಲಿತೆ, ಪಕ್ಕದಲ್ಲಿ ನಿಂತು "ನೀರು ಕುದ್ದಿಲ್ರಿ ಇನ್ನಾ" ಅಂತ ಬೈಯುವುದು ಅವಳ ಪಾಲು. ಮೊದಲ ರೊಟ್ಟಿಗಳು ಭೂಪಟದ ಆಕಾರಕ್ಕೆ ಬಂದವು. ಅವಳು ಮೊದಲ ಸಲ ಬಾಯಿ ಬಿಟ್ಟು ನಕ್ಕಿದ್ದು ಅವನ್ನು ನೋಡಿ.

ನಮ್ಮ ಮನೆಯಲ್ಲಿ ಇದನ್ನು ಮೊದಲೇ ಸರಿಯಾಗಿ ಮಾಡಿದ್ದವರು ಅತ್ತೆ, ಅವರು ಯಾವ ಲೇಖನವನ್ನೂ ಓದಿರಲಿಲ್ಲ. ಜನವರಿಯಲ್ಲಿ ಅವರೆಕಾಯಿ ಕಾಲ. ಮಕ್ಕಳು ಬಂದ ಮಾರನೆಯ ದಿನವೇ ದೊಡ್ಡವಳ ಮುಂದೆ ಮೊರ ತಳ್ಳಿ, ಹಿತಕಬೇಳೆ ಮಾಡಬೇಕು, ಸಿಪ್ಪೆ ಹಿಚುಕು ಬಾ ಅಂದಿದ್ದರು. ಬಂದ ಮಗುವಿನ ಕೈಲಿ ಕೆಲಸ ಮಾಡಿಸುತ್ತಾರಲ್ಲ ಅಂತ ನಾನು ಸಿಡುಕಿದ್ದೆ. ಅತ್ತೆಯ ಹತ್ತಿರ ಮಾತ್ರ ಅವಳು ಮೊದಲಿಂದಲೂ ಜಗಳ ಆಡುತ್ತಿದ್ದಳು, ಹಟ ಮಾಡುತ್ತಿದ್ದಳು. ಅಲ್ಲಿ ತಾನು ಬೇಕಾದವಳು ಅಂತ ಅವಳಿಗೆ ಗೊತ್ತಿತ್ತು.

ನೀವು ಹೇಳುವ ಹೊರೆ ತಾನಾಗಿ ಇಳಿಯಿತು, ನಾವು ಇಳಿಸಲಿಲ್ಲ. ಮುಂದಿನ ಬೇಸಿಗೆಯಲ್ಲಿ ಒಂದು ದಿನ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಬಚ್ಚಲಿಂದ ತಮ್ಮ "ಅಕ್ಕಾ, ಆತು" ಅಂತ ಕೂಗಿದ. "ಯಾರರೆ ನೋಡ್ರಿ ಅವನ್ನ, ನಾ ಆಡಾಕತ್ತೀನಿ!" ಅಂತ ಇಡೀ ಬೀದಿಗೆ ಕೇಳುವಂತೆ ಕಿರುಚಿ ಒಂದು ಕಾಲಲ್ಲಿ ಮುಂದಿನ ಮನೆಗೆ ಹಾರಿದಳು. ಓಡಿದ್ದು ನನ್ನ ಗಂಡ.

ಆದ್ದರಿಂದ ಬೇರೆ ಕೋಣೆ ಬೇಡವೇ ಬೇಡ. ಸಮಾಲೋಚಕರ ಹತ್ತಿರ ಹೋಗಿ, ಆದರೆ ಮೊದಲು ನೀವಿಬ್ಬರೇ ಹೋಗಿ, ಮಗಳನ್ನು ರಿಪೇರಿಗೆ ಕೊಟ್ಟ ಹಾಗೆ ಆಗಬಾರದು. ನಾವು ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಹೋಗಿ ಬಂದೆವು, ನನಗೆ ಅದರಿಂದ ಲಾಭವಾಯಿತು, ಅವಳಿಗಿಂತ ಹೆಚ್ಚು. ಸುಮ್ಮನೆ ಕಾಯುವುದನ್ನಂತೂ ನಾನು ಒಪ್ಪುವುದಿಲ್ಲ, ಮಗು ಚಿವುಟುತ್ತಿದ್ದರೆ, ರೊಟ್ಟಿ ಬಚ್ಚಿಡುತ್ತಿದ್ದರೆ ಅದು ನಿಮಗೆ ಏನೋ ಹೇಳುತ್ತಿದೆ. ಬಚ್ಚಿಟ್ಟಿದ್ದಕ್ಕೆ ಬೈಯಬೇಡಿ. ಅವಳ ಕೈಗೆ ಸಿಗುವ ಕಡೆ ಒಂದು ಡಬ್ಬಿ ಇಟ್ಟು, ಖಾಲಿಯಾದಾಗ ನೀವೇ ತುಂಬಿ. ಆರು ವರ್ಷದವಳ ಹೆಸರು ಬದಲಾಯಿಸಿ ನಾಮಕರಣ ಮಾಡಿ ನೂರೈವತ್ತು ಜನಕ್ಕೆ ಊಟ ಹಾಕಬೇಕು ಅಂತ ನಿಮ್ಮ ಕಡೆಯವರು ಹೊರಟಿದ್ದರೆ ಗಟ್ಟಿಯಾಗಿ ನಿಂತು ಬೇಡ ಅನ್ನಿ. ಚಿಕ್ಕವನ ಮೇಲೆ ಮಾತ್ರ ಪ್ರೀತಿ ಬರುತ್ತಿದ್ದರೆ ಗಾಬರಿಯಾಗಬೇಡಿ, ಆದರೆ ಗಂಡನ ಹತ್ತಿರವಾದರೂ ಬಾಯಿಬಿಟ್ಟು ಹೇಳಿಕೊಳ್ಳಿ. ನಾನು ಮುಚ್ಚಿಟ್ಟು ಕೆಟ್ಟೆ.

ಇನ್ನೊಂದು, ನಿಮ್ಮ ಪ್ರಶ್ನೆಯಲ್ಲಿ ಇಲ್ಲದ್ದು. ಸಮಾಜ ಕಾರ್ಯಕರ್ತರು ಆರು ತಿಂಗಳಿಗೊಮ್ಮೆ, ಎರಡು ವರ್ಷ, ಮನೆಗೆ ಬಂದು ವರದಿ ಬರೆಯುತ್ತಾರೆ. ಎಲ್ಲ ಚೆನ್ನಾಗಿದೆ ಅಂತ ಬರೆಸಿ ಕಳಿಸಬೇಡಿ, ಕಷ್ಟವನ್ನು ಇದ್ದ ಹಾಗೆ ಹೇಳಿ, ಸಹಾಯ ಕೇಳಿ. ಮತ್ತು ಹಿಂದಿನ ದಿನವೇ ಮಗಳಿಗೆ ತಿಳಿಸಿಡಿ: ನಾಳೆ ಬರುವವರು ಚಹಾ ಕುಡಿದು, ನಾಲ್ಕು ಮಾತು ಕೇಳಿ, ಒಬ್ಬರೇ ವಾಪಸು ಹೋಗುತ್ತಾರೆ ಅಂತ.